ಸೆಕೆಂಡಿಗೆ 10 ಡಿಗ್ರಿ: ಒಂದು ಹಿಮದ ಸಿನಿಮಾ, ಅದರಲ್ಲಿ ನಡುಗಿದವರು

ಎಲ್ರಿಗೂ ನಮಸ್ಕಾರ. ಹಿಂದೆ ಕೂತವ್ರಿಗೆ ಕೇಳಿಸ್ತಿದ್ಯಾ? ಸರಿ. ‘ಸಿನಿಮಾ ನೀವೇ ಆರಿಸ್ಕೊಳ್ಳಿ, ಮುಕ್ಕಾಲು ಗಂಟೆ ಮಾತಾಡಿ’ ಅಂತ ಕರೆದಿದ್ರು. ನಾನು ‘ದಿ ಡೇ ಆಫ್ಟರ್ ಟುಮಾರೋ’ ಅಂದ ತಕ್ಷಣ ಫೋನಲ್ಲಿ ಆ ಕಡೆ ಸದ್ದೇ ಇಲ್ಲ. ಪಾಪ, ಸತ್ಯಜಿತ್ ರೇನೋ ಕುರೊಸಾವಾನೋ ಅಂತೀನಿ ಅಂದ್ಕೊಂಡಿದ್ರು ಅನ್ಸತ್ತೆ, ಇದೇನಪ್ಪ ಲೈಬ್ರರಿ ಒಳಗೆ ಹುಡುಗ್ರು ಪುಸ್ತಕ ಸುಡೋ, ಹಡಗಲ್ಲಿ ತೋಳ ಅಟ್ಟಿಸ್ಕೊಂಡ್ ಬರೋ ಪಿಕ್ಚರ್ ಅಂತ. ಆದ್ರೂ ಒಪ್ಕೊಂಡ್ರು, ಅದಕ್ಕೆ ಥ್ಯಾಂಕ್ಸ್.

ನೋಡಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. 2004ರ ಮೇ 28ಕ್ಕೆ ಅಮೆರಿಕದಲ್ಲಿ ರಿಲೀಸ್ ಆಯ್ತು. ಡೈರೆಕ್ಟರ್ ರೋಲಾಂಡ್ ಎಮರಿಕ್, ಜರ್ಮನಿಯವರು, ಅದಕ್ಕೂ ಮೊದಲು 1996ರಲ್ಲಿ ‘ಇಂಡಿಪೆಂಡೆನ್ಸ್ ಡೇ’ ಮಾಡಿ ವೈಟ್ ಹೌಸ್ ಉಡಾಯಿಸಿದ್ದ ಪುಣ್ಯಾತ್ಮ. ಖರ್ಚು ಹನ್ನೆರಡೂವರೆ ಕೋಟಿ ಡಾಲರ್, ದುನಿಯಾ ಪೂರ್ತಿ ಸೇರಿ ಗಳಿಸಿದ್ದು 55 ಕೋಟಿ ಡಾಲರ್ ಹತ್ರ ಹತ್ರ. ಕಥೆ ಇಷ್ಟೇ, ಧ್ರುವದ ಹಿಮ ಕರಗಿ ಸಮುದ್ರದ ಪ್ರವಾಹ ನಿಂತು ಹೋಗತ್ತೆ, ದೊಡ್ಡ ದೊಡ್ಡ ಬಿರುಗಾಳಿ ಎದ್ದು ಉತ್ತರ ಭಾಗದ ಭೂಮಿ ಒಂದೇ ವಾರದಲ್ಲಿ ಹೆಪ್ಪುಗಟ್ಟತ್ತೆ, ವಿಜ್ಞಾನಿ ಅಪ್ಪ ನ್ಯೂಯಾರ್ಕ್ ಲೈಬ್ರರೀಲಿ ಸಿಕ್ಕಾಕೊಂಡ ಮಗನ್ನ ಕರ್ಕೊಂಡ್ ಬರೋಕೆ ಫಿಲಡೆಲ್ಫಿಯಾದಿಂದ ಹಿಮದಲ್ಲಿ ನಡ್ಕೊಂಡೇ ಹೊರಡ್ತಾನೆ. ಆಮೇಲೆ ಅಮೆರಿಕದವ್ರೆಲ್ಲ ಬೇಲಿ ಹಾರಿ ನದಿ ದಾಟಿ ಮೆಕ್ಸಿಕೋಗೆ ನುಗ್ತಾರೆ. ಆ ಒಂದು ಜೋಕಿಗೆ ಇವತ್ತಿಗೂ ಟಿಕೆಟ್ ದುಡ್ಡು ಕೊಡಬಹುದು.

ನಾವೆಲ್ಲ ಥಿಯೇಟರಲ್ಲಿ ಜೋರಾಗಿ ನಕ್ಕಿದ್ದು ಇನ್ನೂ ಮುಂಚೆ, ದೆಹಲಿ ಸೀನಿಗೆ. ವಿಶ್ವಸಂಸ್ಥೆಯ ಸಭೆ ದೆಹಲೀಲಿ ನಡೀತಿರತ್ತೆ, ಹೊರಗೆ ಹಿಮ ಸುರೀತಿರತ್ತೆ, ಜನ ಟ್ಯಾಕ್ಸಿ ಸಿಗದೆ ಪರದಾಡ್ತಿರ್ತಾರೆ. ನಮಗೆ ಗೊತ್ತಿರೋ ದೆಹಲಿ ಅಂದ್ರೆ ಮೇ ತಿಂಗಳಲ್ಲಿ ಡಾಂಬರು ಕರಗೋ ಊರು, ನಗ್ದೆ ಇನ್ನೇನ್ ಮಾಡ್ತೀರ. ಆದ್ರೆ ಈಗ ಆ ಸೀನ್ ನೋಡಿದ್ರೆ ನಗು ಅಷ್ಟು ಬರಲ್ಲ, ಯಾಕೆ ಅಂತ ಹೇಳ್ತೀನಿ.

‘ಬೆಟ್ಟದ ನೆಲ್ಲಿಕಾಯಿ, ಸಮುದ್ರದ ಉಪ್ಪು’ ಅಂತೀವಲ್ಲ, ಇಲ್ಲಿ ಉಪ್ಪಿಗೆ ಜೊತೆಯಾಗಿದ್ದು ಹಿಮ. ಅಟ್ಲಾಂಟಿಕ್ ಸಾಗರದಲ್ಲಿ ಬೆಚ್ಚಗಿನ ಉಪ್ಪು ನೀರು ಮೇಲ್ಗಡೆಯಿಂದ ಉತ್ತರಕ್ಕೆ ಹೋಗತ್ತೆ, ಅಲ್ಲಿ ತಣ್ಣಗಾಗಿ ಭಾರ ಆಗಿ ತಳಕ್ಕಿಳಿದು ವಾಪಸ್ ದಕ್ಷಿಣಕ್ಕೆ ಬರತ್ತೆ. ಒಂದು ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ನೀರು, ಲೆಕ್ಕ ಹಾಕಿ. ಯುರೋಪಿನ ಚಳಿ ಇರಬೇಕಾದ್ದಕ್ಕಿಂತ ಕಮ್ಮಿ ಇರೋದಕ್ಕೆ ಇದೂ ಒಂದು ಕಾರಣ. ಗ್ರೀನ್‌ಲ್ಯಾಂಡ್ ಹಿಮ ಕರಗಿ ಸಿಹಿನೀರು ಜಾಸ್ತಿ ಸೇರಿದ್ರೆ ಉಪ್ಪು ತೆಳ್ಳಗಾಗತ್ತೆ, ನೀರು ಮುಳುಗಲ್ಲ, ಇಡೀ ಚಕ್ರ ನಿಧಾನ ಆಗತ್ತೆ. ಇದು ಸಿನಿಮಾದವ್ರು ಕಟ್ಟಿದ್ದಲ್ಲ, ವ್ಯಾಲೇಸ್ ಬ್ರೋಕರ್ ಅನ್ನೋ ವಿಜ್ಞಾನಿ 1987ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟು ಬರೆದಿದ್ರು. ಸುಮಾರು 12,900 ವರ್ಷದ ಹಿಂದೆ ಹಿಂಗೇ ಆಗಿ ಸಾವಿರಕ್ಕೂ ಜಾಸ್ತಿ ವರ್ಷ ಉತ್ತರ ಅಟ್ಲಾಂಟಿಕ್ ಸುತ್ತಮುತ್ತ ಮತ್ತೆ ಚಳಿಗಾಲ ಬಂದು ಕೂತಿತ್ತು ಅಂತ ಬಹಳಷ್ಟು ಜನ ಒಪ್ಪತಾರೆ. ಇನ್ನೊಂದು ತಮಾಷೆ ನೋಡಿ, ಈ ಪ್ರವಾಹನ ಸಮುದ್ರದಲ್ಲಿ ಉಪಕರಣ ಇಟ್ಟು ಸತತವಾಗಿ ಅಳೆಯೋಕೆ ಶುರು ಮಾಡಿದ್ದೂ 2004ರಲ್ಲೇ, ಸಿನಿಮಾ ಬಂದ ವರ್ಷ.

ಹಂಗಾದ್ರೆ ಸಿನಿಮಾ ಎಲ್ಲಿ ಎಡವಿತು? ಸ್ಪೀಡಲ್ಲಿ. ದಶಕಗಳು ಹಿಡಿಯೋದನ್ನ ದಿನಗಳಲ್ಲಿ ಮುಗಿಸ್ತು. ಆಮೇಲೆ ಆ ಸೂಪರ್ ಫ್ರೀಜ್, ಆಕಾಶದ ಮೇಲಿನ ತಣ್ಣನೆ ಗಾಳಿ ದಬಕ್ಕಂತ ಕೆಳಗೆ ಬಂದು ಸೆಕೆಂಡಿಗೆ 10 ಡಿಗ್ರಿ ಲೆಕ್ಕದಲ್ಲಿ ಎಲ್ಲ ಹೆಪ್ಪುಗಟ್ಟೋದು, ಹೆಲಿಕಾಪ್ಟರ್ ಪೈಪಲ್ಲಿ ಇಂಧನವೇ ಗಡ್ಡೆ ಆಗೋದು. ಸೈಕಲ್ ಪಂಪ್ ಹೊಡೆದಿರೋರು ಯಾರಾದ್ರೂ ಇದೀರಾ? ಹೊಡೀತಾ ಹೊಡೀತಾ ಪಂಪಿನ ತುದಿ ಬಿಸಿ ಆಗತ್ತಲ್ವಾ, ಗಾಳಿನ ಒತ್ತಿದ್ರೆ ಬಿಸಿ ಆಗತ್ತೆ ಅನ್ನೋದಷ್ಟೇ ವಿಷಯ. ಮೇಲಿಂದ ಕೆಳಗಿಳಿಯೋ ಒಣ ಗಾಳಿ ಒಂದು ಕಿಲೋಮೀಟರಿಗೆ ಹತ್ತತ್ರ 10 ಡಿಗ್ರಿ ಸೆಲ್ಸಿಯಸ್ ಬಿಸಿ ಆಗ್ತಾ ಬರತ್ತೆ. ಮೈನಸ್ 50 ಇರೋ ಗಾಳಿ ಹತ್ತು ಕಿಲೋಮೀಟರ್ ಇಳಿದು ನೆಲ ಮುಟ್ಟೋ ಹೊತ್ತಿಗೆ ನಮ್ಮ ಕಲಬುರಗಿ ಬೇಸಿಗೆ ಗಾಳಿ ಥರ ಇರತ್ತೆ. ಲೈಬ್ರರಿ ಹುಡುಗ್ರು ಸ್ವೆಟರ್ ತೆಗೀಬೇಕಾಗಿತ್ತು.

ಆದ್ರೆ ದೆಹಲಿ ಸೀನಿಗೆ ನಗು ಯಾಕೆ ಬರಲ್ಲ ಅಂದ್ರೆ, ಮೇಘಾಲಯದ ಮಾವ್ಮ್ಲೂ ಗುಹೇಲಿ ಸುಣ್ಣಕಲ್ಲಿನ ಕಂಬಗಳಿವೆ, ಹನಿ ಹನಿಯಾಗಿ ಬೆಳೆದಿರೋವು, ಅದರೊಳಗೆ ಹಳೇ ಮಳೆಗಾಲದ ಲೆಕ್ಕ ಇರತ್ತೆ. ಅಟ್ಲಾಂಟಿಕ್ ಆ ಕಡೆ ಚಳಿ ಕೂತಿದ್ದಾಗ ಈ ಕಡೆ ಮುಂಗಾರು ಸೊರಗಿತ್ತು ಅಂತ ಅದು ತೋರಿಸತ್ತೆ. ದೆಹಲೀಲಿ ಹಿಮ ಬೀಳೋ ಕಥೆ ಸುಳ್ಳು, ಅಲ್ಲಿ ಸಮುದ್ರ ಕೈಕೊಟ್ರೆ ಇಲ್ಲಿ ಮಳೆ ಕೈಕೊಡತ್ತೆ ಅನ್ನೋದು ಸುಳ್ಳಲ್ಲ. ಅದನ್ನ ಯಾರೂ ಸಿನಿಮಾ ಮಾಡಲ್ಲ ಬಿಡಿ, ಬಾರದೇ ಇರೋ ಮಳೆಗೆ ಗ್ರಾಫಿಕ್ಸ್ ಹೆಂಗೆ ಮಾಡ್ತಾರೆ.

ಸರಿ, ಈಗ ಜನದ ವಿಷಯಕ್ಕೆ ಬರೋಣ, ನಾನು ಬಂದಿದ್ದು ಅದಕ್ಕೇ. ಡಿಸಾಸ್ಟರ್ ಸಿನಿಮಾದಲ್ಲಿ ಆಕ್ಟರ್ ಕೆಲಸ ಏನು ಹೇಳಿ? ಇಲ್ದೇ ಇರೋದನ್ನ ನೋಡಿ ಹೆದರೋದು. ಅಲೆ ಇಲ್ಲ, ಹಿಮ ಇಲ್ಲ, ತೋಳಗಳೂ ಹೆಚ್ಚು ಕಮ್ಮಿ ಕಂಪ್ಯೂಟರ್ ತೋಳಗಳೇ. ಮಾಂಟ್ರಿಯಲ್‌ನ ಸೆಟ್ಟಲ್ಲಿ ನಿಂತು ಗಡಗಡ ನಡುಗಬೇಕು, ಮುಖ್ಯ ಹೀರೋ ಮಂಜುಗಡ್ಡೆ, ಆಮೇಲೆ ಬಂದು ಸೇರ್ಕೊಳತ್ತೆ. ಇಂಥ ಕೆಲಸ ಮಾಡಿದೋರ ಕರಿಯರ್ ಏನಾಗತ್ತೆ ಅನ್ನೋದು ನನಗೆ ಭಾರಿ ಕುತೂಹಲ.

ಅಪ್ಪನ ಪಾತ್ರದ ಡೆನಿಸ್ ಕ್ವೇಯ್ಡ್ ಹುಟ್ಟಿದ್ದು 1954ರಲ್ಲಿ, ಹ್ಯೂಸ್ಟನ್ ಊರಿನವ್ರು. 1983ರ ‘ದಿ ರೈಟ್ ಸ್ಟಫ್’ನಲ್ಲಿ ಗಗನಯಾತ್ರಿ ಗೋರ್ಡನ್ ಕೂಪರ್ ಆಗಿ ಆ ತುಂಟ ನಗು ನಕ್ಕಿದ್ದಾರಲ್ಲ, ಅದರಲ್ಲೇ ಎರಡು ದಶಕ ಬದುಕಿದ್ರು ಅನ್ನಬಹುದು. ಆದ್ರೆ 2002ರಲ್ಲಿ ‘ಫಾರ್ ಫ್ರಮ್ ಹೆವೆನ್’ ಬಂತು, ಐವತ್ತರ ದಶಕದ ಒಳ್ಳೇ ಗಂಡ, ಒಳಗೊಳಗೇ ತಾನು ಸಲಿಂಗಿ ಅಂತ ಮುಚ್ಚಿಟ್ಟು ನರಳೋನು, ಅಲ್ಲಿ ಆ ನಗುನೇ ಇಲ್ಲ. ಅದಾದ ಎರಡೇ ವರ್ಷಕ್ಕೆ ಹಿಮದಲ್ಲಿ ನಡೀತಿದ್ದಾರೆ. 2004 ಒಂದೇ ವರ್ಷ ನಾಲ್ಕು ಸಿನಿಮಾ ಬಂತು ಅವರದ್ದು, ಕೆಲಸ ಬಿಡೋ ಆಸಾಮಿ ಅಲ್ಲ. 2024ರಲ್ಲಿ, ಎಪ್ಪತ್ತರಲ್ಲಿ, ಒಂದು ಕಡೆ ರೊನಾಲ್ಡ್ ರೇಗನ್ ಪಾತ್ರ, ಇನ್ನೊಂದು ಕಡೆ ‘ದಿ ಸಬ್‌ಸ್ಟನ್ಸ್’ನಲ್ಲಿ ಬಾಯ್ತುಂಬ ಸಿಗಡಿ ತುರುಕ್ಕೊಂಡು ಹೆಂಗಸರ ವಯಸ್ಸಿನ ಬಗ್ಗೆ ಮಾತಾಡೋ ಅಸಹ್ಯದ ಟಿವಿ ಬಾಸ್. ಆ ಪಾತ್ರ ಮೊದಲು ರೇ ಲಿಯೋಟಾ ಮಾಡಬೇಕಿತ್ತು, ಅವರು 2022ರಲ್ಲಿ ತೀರ್ಕೊಂಡ್ರು, ಇವರಿಗೆ ಬಂತು. ನನ್ನ ಕೇಳಿದ್ರೆ ಆ ಸಿಗಡಿ ಸೀನು ಇಡೀ ಹಿಮದ ನಡಿಗೆಗಿಂತ ಭಯಂಕರ.

ಮಗ ಜೇಕ್ ಜಿಲೆನ್‌ಹಾಲ್. ಪಾತ್ರಕ್ಕೆ 17, ರಿಲೀಸ್ ಹೊತ್ತಿಗೆ ಅವರಿಗೆ 23. ಎದುರಿಗಿರೋ ಹುಡುಗಿ ಎಮಿ ರೋಸಮ್‌ಗೆ ಮಾತ್ರ ನಿಜವಾಗ್ಲೂ 17. ಜೇಕ್ ಆಗಲೇ 1999ರಲ್ಲಿ ‘ಅಕ್ಟೋಬರ್ ಸ್ಕೈ’, 2001ರಲ್ಲಿ ‘ಡಾನಿ ಡಾರ್ಕೊ’ ಮಾಡಿದ್ದ ಹುಡುಗ, ಹಿಮದ ಸಿನಿಮಾ ಅವರನ್ನ ದೊಡ್ಡ ಪರದೆ ಹೀರೋ ಮಾಡಿಬಿಡತ್ತೆ ಅಂತ ಎಲ್ರೂ ಅಂದ್ಕೊಂಡ್ರು. ಅವರು ಮುಂದಿನ ವರ್ಷ ಹೋಗಿ ಆಂಗ್ ಲೀ ಅವರ ‘ಬ್ರೋಕ್‌ಬ್ಯಾಕ್ ಮೌಂಟನ್’ ಮಾಡಿ ಆಸ್ಕರ್ ನಾಮಿನೇಷನ್ ತಗೊಂಡ್ರು. ಅಲ್ಲೂ ಬೆಟ್ಟ, ಅಲ್ಲೂ ಚಳಿ, ಆದ್ರೆ ಎದುರಿಗೆ ಒಬ್ಬ ಮನುಷ್ಯ ಇದ್ದ, ವ್ಯತ್ಯಾಸ ಅಷ್ಟೇ. 2010ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಅಂತ ಮತ್ತೆ ದೊಡ್ಡ ಬಜೆಟ್ಟಿಗೆ ಕೈ ಹಾಕಿದ್ರು, ಅದರ ಬಗ್ಗೆ ಮಾತಾಡೋದು ಬೇಡ. 2014ರ ‘ನೈಟ್‌ಕ್ರಾಲರ್’ ನೋಡಿ, ಬಡಕಲಾಗಿ ಕಣ್ಣು ಮಾತ್ರ ಉಳಿದಿರತ್ತೆ, ಬೇರೆಯವರ ಆಕ್ಸಿಡೆಂಟು ಸಾವು ಶೂಟ್ ಮಾಡಿ ಟಿವಿಗೆ ಮಾರೋನು. ದುರಂತದಲ್ಲಿ ಸಿಕ್ಕಾಕೊಂಡಿದ್ದ ಹುಡುಗ ಹತ್ತು ವರ್ಷಕ್ಕೆ ದುರಂತದ ವ್ಯಾಪಾರಿ ಆಗಿದ್ದ. ಅದರ ಮುಂದಿನ ವರ್ಷ ‘ಎವರೆಸ್ಟ್’ನಲ್ಲಿ ಸ್ಕಾಟ್ ಫಿಷರ್ ಪಾತ್ರ, 1996ರಲ್ಲಿ ಆ ಪರ್ವತದ ಮೇಲೆ ನಿಜವಾಗ್ಲೂ ಹಿಮದಲ್ಲಿ ಸತ್ತ ಮನುಷ್ಯ ಅವರು.

ಇನ್ನೊಂದು ಇದೆ, ಇದು ನನಗೆ ತುಂಬ ಇಷ್ಟ. ‘ಸ್ಪೈಡರ್ ಮ್ಯಾನ್ 2’ ಶೂಟಿಂಗಿಗೆ ಮೊದಲು ಹೀರೋ ಟೋಬಿ ಮಗ್ವೈರ್‌ಗೆ ಬೆನ್ನು ನೋವು ಅಂತ ಆ ಜಾಗಕ್ಕೆ ಜೇಕ್‌ನ ಹಾಕೋ ಮಾತು ನಡೆದಿತ್ತು, ಕೊನೆಗೆ ಆಗ್ಲಿಲ್ಲ. 2019ರಲ್ಲಿ ಅವರು ಸ್ಪೈಡರ್ ಮ್ಯಾನ್ ಸಿನಿಮಾಕ್ಕೆ ಬಂದಿದ್ದು ವಿಲನ್ ಮಿಸ್ಟೀರಿಯೋ ಆಗಿ. ಮಿಸ್ಟೀರಿಯೋ ಏನ್ ಮಾಡ್ತಾನೆ? ಡ್ರೋನು, ಪ್ರೊಜೆಕ್ಟರು ಇಟ್ಕೊಂಡು ಸುಳ್ಳು ಪ್ರವಾಹ, ಸುಳ್ಳು ಬೆಂಕಿ ಸೃಷ್ಟಿ ಮಾಡಿ ಜನರನ್ನ ಹೆದರಿಸ್ತಾನೆ. ಒಂದು ಸೀನಲ್ಲಿ ಆ ಗ್ರಾಫಿಕ್ಸ್ ಶೂಟಿಗೆ ಹಾಕ್ಕೊಳ್ಳೋ ಥರದ ಡ್ರೆಸ್ಸಲ್ಲಿ ನಿಂತು ರಿಹರ್ಸಲ್ ಬೇರೆ ಮಾಡ್ತಾನೆ. 2004ರಲ್ಲಿ ಇಲ್ಲದ ಅಲೆ ನೋಡಿ ಓಡಿದ್ದ ಹುಡುಗ, ಈಗ ಇಲ್ಲದ ಅಲೆ ಎಬ್ಬಿಸೋನು.

ಎಮಿ ರೋಸಮ್ ಏಳು ವರ್ಷಕ್ಕೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ಮಕ್ಕಳ ಗುಂಪಲ್ಲಿ ಹಾಡ್ತಿದ್ದೋರು. ಈ ಸಿನಿಮಾದಲ್ಲಿ ಅವರಿಗಿದ್ದ ಕೆಲಸ ಕಾಲಿಗೆ ಗಾಯ ಆಗಿ ಜ್ವರ ಬಂದು ಮಲಗೋದು, ಹುಡುಗ ಹೋಗಿ ಪೆನಿಸಿಲಿನ್ ತರೋದು. ಅದೇ ವರ್ಷದ ಕೊನೇಲಿ ‘ಫ್ಯಾಂಟಮ್ ಆಫ್ ದಿ ಆಪೆರಾ’ದಲ್ಲಿ ಹಾಡಿ ಗೋಲ್ಡನ್ ಗ್ಲೋಬ್ ನಾಮಿನೇಷನ್ ತಗೊಂಡ್ರು. ಆದ್ರೂ 2006ರಲ್ಲಿ ಅವರಿಗೆ ಸಿಕ್ಕಿದ್ದು ಮಗುಚಿದ ಹಡಗಿನ ಸಿನಿಮಾ, ‘ಪೊಸೈಡನ್’, ಮತ್ತೆ ನೀರು, ಮತ್ತೆ ಅಪ್ಪನ ಮುದ್ದಿನ ಮಗಳು. ಹಾಲಿವುಡ್ಡಲ್ಲಿ ಒಂದ್ಸಲ ನೆಂದೋರನ್ನ ಪದೇ ಪದೇ ನೆನೆಸ್ತಾರೆ. ಅವರನ್ನ ಒಣಗಿಸಿದ್ದು ಟಿವಿ. 2011ರಿಂದ ‘ಶೇಮ್‌ಲೆಸ್’, ಶಿಕಾಗೋದ ಬಡ ಕುಟುಂಬ, ಕುಡುಕ ಅಪ್ಪ, ತಮ್ಮ ತಂಗೀರನ್ನೆಲ್ಲ ಸಾಕೋ ಅಕ್ಕ ಫಿಯೋನಾ. ಒಂಬತ್ತು ಸೀಸನ್ ಮಾಡಿದ್ರು. 2016ರ ಕೊನೇಲಿ ಅಪ್ಪನ ಪಾತ್ರದ ವಿಲಿಯಂ ಎಚ್. ಮೇಸಿಗೆ ಎಷ್ಟು ಸಂಬಳವೋ ನನಗೂ ಅಷ್ಟು ಕೊಡಿ ಅಂತ ಪಟ್ಟು ಹಿಡಿದು ಕೂತ್ರು, ಮೇಸಿನೂ ಅವರ ಪರ ನಿಂತ್ರು, ಗೆದ್ರು. ಪೆನಿಸಿಲಿನ್‌ಗೆ ಕಾಯ್ತಾ ಮಲಗಿದ್ದ ಹುಡುಗಿ ಅಂತ ನೆನಪಿಟ್ಕೊಂಡೋರು ಇದನ್ನೂ ನೆನಪಿಟ್ಕೊಳ್ಳಿ.

ಸೆಲಾ ವಾರ್ಡ್ ಅಮ್ಮನ ಪಾತ್ರ, ಡಾಕ್ಟರು, ಎರಡು ಎಮ್ಮಿ ಗೆದ್ದ ನಟಿ, ಇಡೀ ಸಿನಿಮಾ ಒಂದು ಮಗುವಿನ ಪಕ್ಕ ಕೂರಿಸಿಬಿಟ್ರು. ಹನ್ನೆರಡು ವರ್ಷ ಬಿಟ್ಟು ಎಮರಿಕ್ ಅವರನ್ನ ಮತ್ತೆ ಕರೆದು ಅಮೆರಿಕದ ಪ್ರೆಸಿಡೆಂಟ್ ಮಾಡಿದ್ರು, ಪ್ರಾಯಶ್ಚಿತ್ತ ಇರಬಹುದು. ನಾಸಾದವಳಾಗಿ ಬರೋ ಟ್ಯಾಮ್ಲಿನ್ ಟೊಮಿಟಾನ ‘ಕರಾಟೆ ಕಿಡ್’ ಎರಡನೇ ಭಾಗ ನೋಡಿದೋರು ಕೂಡ್ಲೇ ಗುರುತಿಸ್ತಾರೆ. ಪ್ರೆಸಿಡೆಂಟ್ ಪಾತ್ರದ ಪೆರಿ ಕಿಂಗ್ ‘ಸ್ಟಾರ್ ವಾರ್ಸ್’ನ ರೇಡಿಯೋ ನಾಟಕದಲ್ಲಿ ಹಾನ್ ಸೋಲೋ ಧ್ವನಿ. ವೈಸ್ ಪ್ರೆಸಿಡೆಂಟ್ ಪಾತ್ರದ ಕೆನೆತ್ ವೆಲ್ಷ್ ಕೆನಡಾದೋರು, ಆಗ ನಿಜವಾಗ್ಲೂ ಅಮೆರಿಕದ ವೈಸ್ ಪ್ರೆಸಿಡೆಂಟ್ ಆಗಿದ್ದ ಡಿಕ್ ಚೇನಿ ಥರಾನೇ ಕಾಣ್ತಾರೆ, ಅದು ಕಾಕತಾಳೀಯ ಅಂತ ನೀವು ನಂಬೋದಾದ್ರೆ ನಂಬಿ.

ಕೊನೆಗೆ ನಾನು ಯಾರಿಗೋಸ್ಕರ ಈ ಸಿನಿಮಾ ಆರಿಸಿದ್ನೋ ಅವರು, ಇಯಾನ್ ಹೋಮ್. ಸ್ಕಾಟ್ಲೆಂಡಿನ ಹವಾಮಾನ ಕೇಂದ್ರದ ಪ್ರೊಫೆಸರ್ ರಾಪ್ಸನ್. ಎಲ್ಲ ಸೇರಿಸಿದ್ರೂ ಸ್ವಲ್ಪವೇ ಹೊತ್ತು ಇರ್ತಾರೆ, ಊಟಕ್ಕೆ ಉಪ್ಪಿನಕಾಯಿ ಇದ್ದಂಗೆ. ನಿಮ್ಮಲ್ಲಿ ಅರ್ಧ ಜನಕ್ಕೆ ಅವರು ‘ಲಾರ್ಡ್ ಆಫ್ ದಿ ರಿಂಗ್ಸ್’ನ ಬಿಲ್ಬೋ, ಇನ್ನರ್ಧ ಜನಕ್ಕೆ 1979ರ ‘ಏಲಿಯನ್’ನಲ್ಲಿ ತಲೆ ಕಿತ್ತು ಬೀಳೋ ಆ್ಯಶ್. ಮೂಲದಲ್ಲಿ ಅವರು ರಂಗಭೂಮಿಯವ್ರು, 60ರ ದಶಕದಲ್ಲಿ ಶೇಕ್ಸ್‌ಪಿಯರ್ ಕಂಪನೀಲಿ ಐದನೇ ಹೆನ್ರಿ ಮಾಡಿದವ್ರು. 1976ರಲ್ಲಿ ಒಂದು ನಾಟಕದ ಪ್ರಿವ್ಯೂ ಶೋ ನಡೀವಾಗ ರಂಗದ ಮೇಲೆ ಹೆಪ್ಪುಗಟ್ಟಿಬಿಟ್ರು. ಮಾತು ಹೊರಡ್ತಿಲ್ಲ, ಭಯ, ಬಿಟ್ಟು ಹೊರಟೇ ಹೋದ್ರು. ನಾಟಕದ ಹೆಸರು ‘ದಿ ಐಸ್‌ಮ್ಯಾನ್ ಕಮೆತ್’. ನಾನು ಕಟ್ಟಿದ್ದಲ್ಲ ಕಣ್ರಿ, ನಿಜವಾಗ್ಲೂ ಅದೇ ನಾಟಕ. ಆಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ರಂಗಭೂಮಿ ಕಡೆ ಹೆಚ್ಚುಕಮ್ಮಿ ತಲೆನೇ ಹಾಕ್ಲಿಲ್ಲ, ಆ ಮಧ್ಯೆ ಮಾಡಿದ ಸಿನಿಮಾಗಳೇ ನಮಗೆ ಗೊತ್ತಿರೋ ಹೋಮ್. 1993ರಲ್ಲಿ ಹ್ಯಾರಲ್ಡ್ ಪಿಂಟರ್ ನಾಟಕಕ್ಕೆ ವಾಪಸ್ ಬಂದ್ರು, 1997ರಲ್ಲಿ ಕಿಂಗ್ ಲಿಯರ್ ಮಾಡಿ ಒಲಿವಿಯೆ ಪ್ರಶಸ್ತಿ ತಗೊಂಡ್ರು. 2020ರ ಜೂನಲ್ಲಿ, 88ನೇ ವಯಸ್ಸಲ್ಲಿ ತೀರ್ಕೊಂಡ್ರು.

ಆ ಕೇಂದ್ರದಲ್ಲಿ ಅವರ ಜೊತೆ ಇರೋ ಇಬ್ಬರಲ್ಲಿ ಒಬ್ಬರು ಏಡ್ರಿಯನ್ ಲೆಸ್ಟರ್. ಲೆಸ್ಟರ್ 2003ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಲ್ಲಿ ಅದೇ ಐದನೇ ಹೆನ್ರಿ. ಅಂದ್ರೆ ಇಬ್ಬರು ಹೆನ್ರಿಗಳು, ನಾಲ್ಕು ದಶಕದ ಅಂತರದೋರು, ಒಂದು ಚಿಕ್ಕ ರೂಮಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿದ್ದಾರೆ, ಹಾಲಿವುಡ್ಡಿಗೆ ಅದರ ಪರಿವೆಯೇ ಇಲ್ಲ. ಜನರೇಟರ್ ಡೀಸೆಲ್ ಮುಗೀತಾ ಬಂದಿದೆ, ಹೊರಗೆ ಹೋಗೋ ಹಂಗಿಲ್ಲ, ಯಾರೂ ಬರಲ್ಲ ಅಂತ ಮೂರೂ ಜನಕ್ಕೆ ಗೊತ್ತು. ಇಲ್ಲಿ ಯಾರೂ ಓಡಲ್ಲ. ಕಾರಿಡಾರ್ ತುಂಬ ಹಿಮ ಅಟ್ಟಿಸ್ಕೊಂಡು ಬರೋ ಆ ಲೈಬ್ರರಿ ಸೀನಿಗೆ ಅಷ್ಟೊಂದು ದುಡ್ಡು ಸುರಿದಿದ್ದಾರೆ, ಅಲ್ಲಿ ನನಗೆ ಒಂದು ಕೂದಲೂ ನಿಮಿರಲಿಲ್ಲ (ಅಷ್ಟೊಂದು ಮರದ ಮೇಜು ಕುರ್ಚಿ ಬಿಟ್ಟು ಪುಸ್ತಕ ಯಾಕೆ ಸುಡ್ತಾರೆ ಅನ್ನೋದೇ ತಲೇಲಿ ಕೊರೀತಿತ್ತು). ಇಲ್ಲಿ ಒಬ್ಬರು ಒಂದು ಹಳೇ ವಿಸ್ಕಿ ಬಾಟ್ಲಿ ತೆಗೀತಾರೆ, ಲೆಸ್ಟರ್ ಪಾತ್ರ ಇದನ್ನ ಜನರೇಟರಿಗೆ ಹಾಕಿದ್ರೆ ಓಡ್ತಿತ್ತೇನೋ ಅಂತಾನೆ, ಹೋಮ್ ಮುಖ ನೋಡಿ ಆಗ, ಹನ್ನೆರಡು ವರ್ಷದ ವಿಸ್ಕಿ ಅದು, ಹುಚ್ಚಾ ಅನ್ನೋ ಮುಖ. ಮೂರು ಲೋಟ. ಒಂದು ಗುಟುಕು ಇಂಗ್ಲೆಂಡಿಗೆ, ಒಂದು ಮನುಕುಲಕ್ಕೆ, ಮೂರನೇದು ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಟೀಮಿಗೆ. ಲೈಟು ಮಿಣುಕ್ ಮಿಣುಕ್ ಅನ್ನತ್ತೆ.

ಆ ಕ್ಲಿಪ್ ತಂದಿದೀನಿ, ಐದು ನಿಮಿಷನೂ ಇಲ್ಲ. ಕಿಟಕಿ ಪಕ್ಕ ಇರೋರು ಸ್ವಲ್ಪ ಕರ್ಟನ್ ಎಳೀರಿ, ಆ ಮಧ್ಯದ ಟ್ಯೂಬ್‌ಲೈಟ್ ಕೂಡ ಆಫ್ ಮಾಡಿ. ಫ್ಯಾನ್ ಇರ್ಲಿ, ಸೆಕೆ ಇದೆ.