ಅತ್ತೆಯರು, ಅಣ್ಣ, ತಮ್ಮಂದಿರು: ಚಾರ್ಲ್ಸ್‌ಟನ್‌ನ ಗ್ರಿಮ್ಕೆ ಮನೆತನ

ಇದು ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್, ಈಸ್ಟ್ ಬೇ ಸ್ಟ್ರೀಟ್. ಎದುರಿಗೆ ಕಾಣುತ್ತಿರುವುದು ಗ್ರಿಮ್ಕೆಯವರ ಮನೆ. ಈ ಊರಲ್ಲಿ ಟೂರಿಸ್ಟ್ ಕುದುರೆಗಾಡಿಗಳು ಜಾಸ್ತಿ, ಮಧ್ಯೆ ಗೊರಸಿನ ಸದ್ದು ಕೇಳಿದರೆ ಸ್ವಲ್ಪ ಸಹಿಸಿಕೊಳ್ಳಿ.

ಅಪ್ಪ ಜಾನ್ ಗ್ರಿಮ್ಕೆ ಜಡ್ಜ್. 14 ಮಕ್ಕಳು. ಮನೆಯ ಕೆಲಸ, ತೋಟದ ಕೆಲಸ ಎಲ್ಲಾ ಗುಲಾಮರದ್ದೇ. ಅಣ್ಣ ಥಾಮಸ್ ಯೇಲ್‌ಗೆ ಹೋದ. 1792ರಲ್ಲಿ ಹುಟ್ಟಿದ ಸಾರಾಗೂ ಲಾ ಓದುವ ಆಸೆ. ಆದರೆ ಹುಡುಗಿ ಅಲ್ವಾ, ಬಿಡಲಿಲ್ಲ. ಅವಳು ಸುಮ್ನೆ ಕೂರುವವಳಲ್ಲ. ತನ್ನ ಸೇವೆಗಿದ್ದ ಹೆಟ್ಟಿ ಎಂಬ ಹುಡುಗಿಗೆ ರಾತ್ರಿ ಹೊತ್ತು ಓದು ಹೇಳಿಕೊಟ್ಟಳು. ದೀಪ ಆರಿಸಿ, ಬೀಗದ ಕಿಂಡಿ ಮುಚ್ಚಿ, ಒಲೆಯ ಬೆಂಕಿಯ ಮುಂದೆ ಇಬ್ಬರೂ ಬೋರಲು ಮಲಗಿ ಅಕ್ಷರ ಕೂಡಿಸಿ ಓದುತ್ತಿದ್ದರು. ಗೊತ್ತಾದಾಗ ಅಪ್ಪ ಕೆಂಡಾಮಂಡಲ.

ಸಾರಾ, ಕೊನೆಯ ತಂಗಿ ಆಂಜೆಲಿನಾ, ಇಬ್ಬರೂ ಉತ್ತರಕ್ಕೆ ಹೋಗಿ ಗುಲಾಮಗಿರಿಯ ವಿರುದ್ಧ ನಿಂತ ಕಥೆ ಬಹಳ ಜನರಿಗೆ ಗೊತ್ತು. 1838ರಲ್ಲಿ ಫಿಲಡೆಲ್ಫಿಯಾದಲ್ಲಿ ಕಿಟಕಿಗೆ ಕಲ್ಲು ಬೀಳುತ್ತಿದ್ದರೂ ಆಂಜೆಲಿನಾ ಒಂದು ಗಂಟೆಗೂ ಹೆಚ್ಚು ಮಾತಾಡಿದಳು. ಮರುದಿನ ಜನ ಆ ಕಟ್ಟಡಕ್ಕೇ ಬೆಂಕಿ ಇಟ್ಟರು.

ನನ್ನ ತಲೆಯಿಂದ ಹೋಗದವನು ಅವರ ತಮ್ಮ... ಅಂದರೆ ಸಾರಾಗೆ ತಮ್ಮ, ಆಂಜೆಲಿನಾಗೆ ಅಣ್ಣ, ಹೆನ್ರಿ. ಹೆಂಡತಿ ತೀರಿಕೊಂಡ ಮೇಲೆ ತನ್ನದೇ ಗುಲಾಮಳಾಗಿದ್ದ ನ್ಯಾನ್ಸಿ ವೆಸ್ಟನ್ ಜೊತೆ ಇದ್ದ. ಮೂವರು ಗಂಡುಮಕ್ಕಳು: ಆರ್ಚಿಬಾಲ್ಡ್, ಫ್ರಾನ್ಸಿಸ್, ಜಾನ್. 1852ರಲ್ಲಿ ಹೆನ್ರಿ ಸತ್ತ. ಅವರನ್ನು ಬಿಡುಗಡೆ ಮಾಡಲಿಲ್ಲ. ಮೊದಲ ಹೆಂಡತಿಯ ಮಗ ಮಾಂಟೇಗ್ ಹೆಸರಿಗೆ ಬರೆದುಬಿಟ್ಟ.

ಅಂದರೆ ಅಣ್ಣನೇ ತಮ್ಮಂದಿರ ಒಡೆಯ! ಸ್ವಲ್ಪ ವರ್ಷ ತಾಯಿ ಮಕ್ಕಳು ತಮ್ಮ ಪಾಡಿಗೆ ಇದ್ದರು, ಆಮೇಲೆ ಮಾಂಟೇಗ್ ಹುಡುಗರನ್ನು ಮನೆಗೆಲಸಕ್ಕೆ ಎಳೆದುಕೊಂಡ. ಆರ್ಚಿಬಾಲ್ಡ್ ತಪ್ಪಿಸಿಕೊಂಡು, ಅಮೆರಿಕದ ಅಂತರ್ಯುದ್ಧ ಮುಗಿಯುವವರೆಗೂ ಊರಲ್ಲೇ ಅಡಗಿದ್ದ. ಫ್ರಾನ್ಸಿಸ್ ಸಿಕ್ಕಿಬಿದ್ದ. ಮಾಂಟೇಗ್ ಅವನನ್ನು ಒಬ್ಬ ಸೇನಾಧಿಕಾರಿಗೆ ಮಾರಿದ. ಸ್ವಂತ ತಮ್ಮನನ್ನು.

ಅತ್ತೆಯರಿಗೆ ಇದ್ಯಾವುದೂ ಗೊತ್ತಿರಲಿಲ್ಲ. 1868ರಲ್ಲಿ ಆಂಜೆಲಿನಾ ಪತ್ರಿಕೆ ಓದುತ್ತಿದ್ದಾಗ ಪೆನ್ಸಿಲ್ವೇನಿಯಾದ ಲಿಂಕನ್ ಯೂನಿವರ್ಸಿಟಿಯ ಒಬ್ಬ ಕಪ್ಪು ವಿದ್ಯಾರ್ಥಿಯ ಹೆಸರು ಕಣ್ಣಿಗೆ ಬಿತ್ತು. ಗ್ರಿಮ್ಕೆ! ನಮ್ಮ ಮನೆಯ ಗುಲಾಮನಾಗಿದ್ದಿರಬಹುದು ಅಂದುಕೊಂಡು ಕಾಗದ ಬರೆದಳು. ನಾವು ಹೆನ್ರಿಯ ಮಕ್ಕಳು ಎಂದು ಉತ್ತರ ಬಂತು. ಆ ಕಾಲದಲ್ಲಿ ಎಷ್ಟು ಮನೆಗಳು ಇಂಥ ಕಾಗದವನ್ನು ಒಲೆಗೆ ಹಾಕುತ್ತಿದ್ದವೋ. ಇವಳು ಹೋಗಿ ನೋಡಿದಳು, ಸೋದರಳಿಯಂದಿರೇ ಎಂದು ಎಲ್ಲರೆದುರು ಒಪ್ಪಿಕೊಂಡಳು. ಅಕ್ಕ ತಂಗಿ ಸೇರಿ ಓದಿಗೆ ದುಡ್ಡು ಕೊಟ್ಟರು.

ಫ್ರಾನ್ಸಿಸ್ ಪಾದ್ರಿಯಾದ, ವಾಷಿಂಗ್ಟನ್‌ನಲ್ಲಿ ದೊಡ್ಡ ಹೆಸರು ಮಾಡಿದ. ಆರ್ಚಿಬಾಲ್ಡ್ ಲಾ ಓದಲು ಹಾರ್ವರ್ಡ್‌ಗೆ ಸೇರಿದ. ಆಗ ಸಾರಾ ಇನ್ನೂ ಬದುಕಿದ್ದಳು.