ಹಳಿ ಮುಗಿಯುವ ಊರು

ಕೇಳುಗರಿಗೆ ನಮಸ್ಕಾರ. ಮಂಗಳೂರು ಸೆಂಟ್ರಲ್ ನಿಲ್ದಾಣಕ್ಕೆ ಬಂದ ರೈಲು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಅಲ್ಲಿಗೆ ಹಳಿ ಮುಗಿಯಿತು. ಆಚೆಗೆ ಪೇಟೆ, ಪೇಟೆ ದಾಟಿದರೆ ಹಳೇ ಬಂದರಿನ ದಕ್ಕೆ.

ಇಲ್ಲಿಗೆ ಮೊದಲ ರೈಲು ಬಂದಿದ್ದು 1907ರಲ್ಲಿ. ಎಲ್ಲಿಂದ ಅಂತೀರಿ? ಬೆಂಗಳೂರಿನಿಂದ ಅಲ್ಲ. ಕಲ್ಲಿಕೋಟೆ, ಕಣ್ಣೂರು, ಕಾಸರಗೋಡು ದಾಟಿ, ನೇತ್ರಾವತಿಯ ಸೇತುವೆ ಮೇಲೆ ಹಾದು ತೆಂಕಣದಿಂದ ಬಂತು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು. ಘಟ್ಟದ ಮೇಲೆ ಮೈಸೂರು ಅರಸರ ಸೀಮೆ. ಮದ್ರಾಸಿನ ಹಳಿ ಮದ್ರಾಸಿನ ಗಡಿಯೊಳಗೇ ಕರಾವಳಿ ಹಿಡಿದು ಬಂದು ಇಲ್ಲಿ ನಿಂತಿತು.

ಬಂದರಿಗಂತೂ ರೈಲು ಬೇಕೇ ಇತ್ತು. ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುವ ಅಳಿವೆಯಲ್ಲಿ ಆಳ ಕಡಿಮೆ. ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಆಗ ಅದು ದೂರದಲ್ಲಿ ಲಂಗರು ಹಾಕಬೇಕಿತ್ತು, ಹೆಂಚು, ಕಾಫಿ ಎಲ್ಲ ದೋಣಿಯಲ್ಲಿ ಅಲ್ಲಿಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಅದೂ ಕಷ್ಟ. ರೈಲಿಗೆ ಅಳಿವೆಯ ಹಂಗಿಲ್ಲ ನೋಡಿ.

1929ರಲ್ಲಿ ಒಂದು ಮಜಾ ನಡೆಯಿತು. ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಶುರುವಾದಾಗ ಅದರ ಒಂದು ತುದಿ ಈಗ ಪಾಕಿಸ್ತಾನದಲ್ಲಿರುವ ಪೇಶಾವರ, ಇನ್ನೊಂದು ತುದಿ ಮಂಗಳೂರು! ನಾಲ್ಕು ದಿನಕ್ಕೂ ಜಾಸ್ತಿ ಪ್ರಯಾಣ. ಆ ಏರ್ಪಾಡು ಹೆಚ್ಚು ಕಾಲ ಉಳಿಯಲಿಲ್ಲ, ಬಿಡಿ.

ಅಂದರೆ ಪೇಶಾವರಕ್ಕೆ ರೈಲಿತ್ತು, ಪಕ್ಕದ ಹಾಸನಕ್ಕೆ ಇರಲಿಲ್ಲ! ರೈಲಿನಲ್ಲೇ ಬೆಂಗಳೂರಿಗೆ ಹೋಗುತ್ತೇನೆ ಅಂದರೆ ಶೊರನೂರು, ಪಾಲಕ್ಕಾಡ್, ಜೋಲಾರಪೇಟೆ ಅಂತ ಸುತ್ತಬೇಕಿತ್ತು. 1956ರಲ್ಲಿ ರಾಜ್ಯ ಒಂದಾಯಿತು, ಹಳಿ ಒಂದಾಗಲಿಲ್ಲ. ಮಧ್ಯೆ ಶಿರಾಡಿ ಕಾಡು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್. ಅಷ್ಟರಲ್ಲೇ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರು. ಆ ದಾರಿ ಮುಗಿದಿದ್ದು 1979ರಲ್ಲಿ. ಮೊದಲ ರೈಲು ಬಂದ 72 ವರ್ಷದ ಮೇಲೆ! ಅದೂ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ. ಕೇರಳದ ಹಳಿ ಬ್ರಾಡ್ ಗೇಜ್, ಅಂದರೆ ಅಗಲದ್ದು. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಹಳಿ ಅಗಲ ಮಾಡಲು 1996ರಲ್ಲಿ ಘಟ್ಟದ ರೈಲು ನಿಂತಿತು. ಪ್ರಯಾಣಿಕರ ರೈಲು ಮತ್ತೆ ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ.

ಈ ನಡುವೆ 1998ರಲ್ಲಿ ಕೊಂಕಣ ರೈಲ್ವೆಯೂ ಬಂತು. ಆದರೆ ಮುಂಬೈಯಿಂದ ಕೇರಳಕ್ಕೆ ಹೋಗುವ ಗಾಡಿ ಸೆಂಟ್ರಲ್ ಒಳಗೆ ಬಂದರೆ ಎಂಜಿನ್ ತಿರುಗಿಸಬೇಕಲ್ವಾ? ಅದಕ್ಕೆ ಅವು ಪಡೀಲಿನಲ್ಲಿರುವ ಇನ್ನೊಂದು ನಿಲ್ದಾಣ, ಮಂಗಳೂರು ಜಂಕ್ಷನ್‌ನಲ್ಲೇ ನಿಂತು ಹೊರಟುಬಿಡುತ್ತವೆ. ಸೆಂಟ್ರಲ್ ನಿಲ್ದಾಣದ ಆಡಳಿತ ಮಾತ್ರ ಈಗಲೂ ಕೇರಳದ ಪಾಲಕ್ಕಾಡ್ ರೈಲ್ವೆ ವಿಭಾಗದ್ದೇ.