ಏಳು ಲೇಯರ್ ಬಾಯಿಪಾಠ ಬಿಡಿ, ಒಂದು ಪ್ಯಾಕೆಟ್ ಬಿಚ್ಚಿ ನೋಡೋಣ

ನಮಸ್ಕಾರ. ಫಿಸಿಕಲ್, ಡೇಟಾ ಲಿಂಕ್, ನೆಟ್‌ವರ್ಕ್, ಟ್ರಾನ್ಸ್‌ಪೋರ್ಟ್, ಸೆಷನ್, ಪ್ರೆಸೆಂಟೇಶನ್, ಅಪ್ಲಿಕೇಶನ್. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮಾಹಿತಿ ಕಳಿಸುವ ಕೆಲಸವನ್ನು ಹಂಚಿಕೊಂಡ ಏಳು ಪದರಗಳು (ಲೇಯರ್) ಇವು. ಬಿಸಿಎ, ಇಂಜಿನಿಯರಿಂಗ್ ಓದಿದವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ಏಳು ಹೆಸರು ಹೇಳುತ್ತಾರೆ. ಆದರೆ ಹೀಗೆ ಪದರ ಪದರವಾಗಿ ಯಾಕೆ ಮಾಡಿದರು, ಎಲ್ಲ ಸೇರಿಸಿ ಒಂದೇ ಪ್ರೋಗ್ರಾಂ ಬರೆದಿದ್ದರೆ ಆಗ್ತಿರಲಿಲ್ವಾ ಅಂತ ಕೇಳಿ ನೋಡಿ, ಸುಮಾರು ಜನ ಸುಮ್ಮನಾಗುತ್ತಾರೆ. ನನಗೆ ಮುಖ್ಯ ಅನಿಸೋದು ಆ ಪ್ರಶ್ನೆಯೇ.

[ಸ್ಕ್ರೀನ್: ವೈರ್‌ಶಾರ್ಕ್ ತೆರೆದಿದೆ, ಸರ್ವರ್‌ನಿಂದ ಬಂದ ಒಂದು ಪ್ಯಾಕೆಟ್ ಮೇಲೆ ಕ್ಲಿಕ್]

ಇದು ವೈರ್‌ಶಾರ್ಕ್. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಿಮ್ಮ ಕಂಪ್ಯೂಟರ್‌ಗೆ ಬರುವ, ಹೋಗುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಸಣ್ಣ ಸಣ್ಣ ಕಟ್ಟುಗಳನ್ನು, ಹಿಡಿದು ತೋರಿಸುತ್ತದೆ. ಈ ಪ್ಯಾಕೆಟ್ 1514 ಬೈಟ್ ಇದೆ. ಮೊದಲ 14 ಬೈಟ್ ಎಥರ್ನೆಟ್ ಹೆಡರ್. ಹೆಡರ್ ಅಂದರೆ ಪ್ರತಿ ಪದರ ತನ್ನ ಕೆಲಸಕ್ಕೆ ಅಂಟಿಸುವ ಚೀಟಿ, ಎಥರ್ನೆಟ್‌ದು ಪಕ್ಕದ ಸಾಧನಕ್ಕೆ ತಲುಪಿಸುವ ಕೆಲಸ. ಆಮೇಲಿನ 20 ಐಪಿ ಹೆಡರ್, ಕೊನೆಯ ಗುರಿಯವರೆಗೆ ದಾರಿ ನೋಡಿಕೊಳ್ಳುವುದು ಇದು. ಅದಾದ ಮೇಲೆ ಇನ್ನೊಂದು 20 ಟಿಸಿಪಿ ಹೆಡರ್, ಕಳೆದುಹೋದದ್ದನ್ನು ಮತ್ತೆ ಕಳಿಸಿ ಎಲ್ಲ ತಲುಪುವಂತೆ ನೋಡಿಕೊಳ್ಳುವುದು ಇದು. ಉಳಿದ 1460 ಬೈಟ್‌ನಲ್ಲಿ ನೀವು ಕೇಳಿದ ವೆಬ್ ಪೇಜಿನ ಒಂದು ತುಂಡು ಇದೆ, ಅದೂ ಎನ್‌ಕ್ರಿಪ್ಟ್ ಆಗಿ. ಟಿಸಿಪಿ ಹೆಡರ್‌ನಲ್ಲಿ ಹೆಚ್ಚುವರಿ ವಿವರಗಳು (ಆಪ್ಶನ್) ಸೇರಿದ್ದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಈಗ ಎಥರ್ನೆಟ್ ಸಾಲನ್ನು ಹತ್ತಿರದಿಂದ ನೋಡಿ. ಕಳಿಸಿದವರ ಜಾಗದಲ್ಲಿ ಇರುವ ಮ್ಯಾಕ್ ವಿಳಾಸ, ಅಂದರೆ ಸಾಧನದ ನೆಟ್‌ವರ್ಕ್ ಕಾರ್ಡಿನ ಗುರುತು, ದೂರದ ಸರ್ವರ್‌ದಲ್ಲ. ನಿಮ್ಮ ಮನೆಯ ವೈಫೈ ರೂಟರ್‌ದು! ಅದರ ಕೆಳಗಿನ ಐಪಿ ಸಾಲಿನಲ್ಲಿ ಮಾತ್ರ ಸರ್ವರ್ ವಿಳಾಸ ಇದೆ. ಯಾಕೆ ಅಂದರೆ ಎಥರ್ನೆಟ್‌ಗೆ ಗೊತ್ತಿರುವುದು ಪಕ್ಕದಲ್ಲಿರುವ ಸಾಧನ ಮಾತ್ರ. ದಾರಿಯ ಪ್ರತಿ ರೂಟರ್ ಹಳೆಯ ಹೊರ ಹೆಡರ್ ತೆಗೆದುಹಾಕಿ, ಮುಂದಿನ ಸಾಧನಕ್ಕೆ ಬೇಕಾದ ಹೊಸ ಹೆಡರ್ ಹಾಕಿ ಕಳಿಸುತ್ತದೆ. ಒಂದು ಕಡೆ ಫೈಬರ್ ಇರಬಹುದು, ಇನ್ನೊಂದು ಕಡೆ ವೈಫೈ, ಮತ್ತೊಂದು ಕಡೆ ಮೊಬೈಲ್ ಟವರ್. ಒಳಗಿನ ಟಿಸಿಪಿಗೆ ಇದ್ಯಾವುದರ ಗೊಡವೆಯೂ ಇಲ್ಲ.

ಅಲ್ಲೇ, ಐಪಿ ಹೆಡರ್‌ನಲ್ಲಿ, ಟಿಟಿಎಲ್ (ಟೈಮ್ ಟು ಲಿವ್) ಅಂತ ಒಂದು ಸಂಖ್ಯೆ ಕಾಣುತ್ತಿದೆ, ಅಲ್ವಾ? 55. ಪ್ರತಿ ರೂಟರ್ ಇದರಿಂದ ಒಂದು ಕಳೆಯುತ್ತದೆ. ಸರ್ವರ್ 64 ಇಟ್ಟು ಕಳಿಸಿದ್ದರೆ ಈ ಪ್ಯಾಕೆಟ್ ಒಂಬತ್ತು ರೂಟರ್ ದಾಟಿ ಬಂದಿದೆ. ಸೊನ್ನೆಗೆ ಇಳಿದರೆ ಅಲ್ಲೇ ಬಿಸಾಡುತ್ತಾರೆ. ಇಲ್ಲದಿದ್ದರೆ ದಾರಿ ತಪ್ಪಿದ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತಿದ್ದವು.

[ಸ್ಕ್ರೀನ್: 1974, 1978, 1983]

ಶುರುವಿನಲ್ಲಿ ಈ ಪದರಗಳು ಹೀಗಿರಲಿಲ್ಲ. ಇಂಟರ್ನೆಟ್‌ನ ಅಡಿಪಾಯ ಹಾಕಿದ ವಿಂಟ್ ಸೆರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ದಾರಿ ಹುಡುಕುವುದು, ಕಳೆದುಹೋದದ್ದನ್ನು ಮತ್ತೆ ಕಳಿಸುವುದು ಎರಡೂ ಒಂದೇ ಪ್ರೋಟೋಕಾಲ್‌ನ (ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ನಿಯಮಗಳ) ಕೆಲಸ. ಆದರೆ ನೆಟ್‌ವರ್ಕ್ ಮೇಲೆ ಧ್ವನಿ ಕಳಿಸುವ ಪ್ರಯೋಗ ಮಾಡುತ್ತಿದ್ದ ಡ್ಯಾನಿ ಕೋಹೆನ್ ಅವರಂಥವರಿಗೆ ಇದರಿಂದ ತೊಂದರೆ. ಮಾತಿನಲ್ಲಿ ಒಂದು ಚೂರು ಕಳೆದರೆ ಕಿವಿ ಸಹಿಸಿಕೊಳ್ಳುತ್ತದೆ, ಅದೇ ಚೂರು ಎರಡು ಸೆಕೆಂಡ್ ಬಿಟ್ಟು ಬಂದರೆ ಏನು ಪ್ರಯೋಜನ? ಹಾಗಾಗಿ 1978ರಲ್ಲಿ ಟಿಸಿಪಿಯಿಂದ ಐಪಿಯನ್ನು ಬೇರೆ ಮಾಡಿದರು. ಮತ್ತೆ ಕಳಿಸುವ ಗೋಜಿಲ್ಲದ ಯುಡಿಪಿ ಎಂಬ ಇನ್ನೊಂದು ಪ್ರೋಟೋಕಾಲ್‌ಗೆ ಐಪಿ ಮೇಲೆ ಜಾಗ ಆದದ್ದು ಅದರಿಂದಲೇ. 1983ರ ಜನವರಿ 1ರಂದು ಇಂಟರ್ನೆಟ್‌ನ ಪೂರ್ವಜ ಎನಿಸಿದ ಅರ್ಪಾನೆಟ್ ಜಾಲ ಟಿಸಿಪಿ/ಐಪಿಗೆ ಬದಲಾಯಿತು. ನಾವು ಬಾಯಿಪಾಠ ಮಾಡುವ ಏಳು ಪದರದ ಓಎಸ್‌ಐ ಮಾದರಿಯನ್ನು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಪ್ರಕಟಿಸಿದ್ದು 1984ರಲ್ಲಿ, ಅಂದರೆ ಅದಾದ ಮೇಲೆ. ಅದಕ್ಕೇ ಸೆಷನ್, ಪ್ರೆಸೆಂಟೇಶನ್ ಲೇಯರ್‌ಗಳನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸರಿಯಾಗಿ ಸಿಗಲ್ಲ. ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್ ಎಷ್ಟನೇ ಲೇಯರ್ ಅಂತ ವಾದ ಮಾಡುತ್ತಾ ಕೂರಬೇಡಿ. ಅದು ಟಿಸಿಪಿ ಮೇಲೆ, ವೆಬ್ ಪೇಜ್ ತರುವ ಎಚ್‌ಟಿಟಿಪಿ ಕೆಳಗೆ. ಅಷ್ಟು ಗೊತ್ತಿದ್ದರೆ ಕೆಲಸ ನಡೆಯುತ್ತದೆ.

ಪದರ ಮಾಡಿದ್ದರ ನಿಜವಾದ ಲಾಭ ಗೊತ್ತಾಗಿದ್ದು 1986ರ ಅಕ್ಟೋಬರ್‌ನಲ್ಲಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ಅರ್ಧ ಕಿಲೋಮೀಟರ್ ದೂರವೂ ಇಲ್ಲ. ಅಲ್ಲಿ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ನಲವತ್ತು! ಒಂದು ಸೆಕೆಂಡಿಗೆ ಐದು ಅಕ್ಷರ. ದಾರಿ ತುಂಬಿ ಪ್ಯಾಕೆಟ್ ಕಳೆದುಹೋದರೆ ಟಿಸಿಪಿ ಮತ್ತೆ ಕಳಿಸುತ್ತಿತ್ತು, ಅದರಿಂದ ದಾರಿ ಇನ್ನಷ್ಟು ತುಂಬುತ್ತಿತ್ತು. ವ್ಯಾನ್ ಜೇಕಬ್ಸನ್ ಮತ್ತು ಮೈಕ್ ಕ್ಯಾರೆಲ್ಸ್ ಕಂಡುಹಿಡಿದ ಪರಿಹಾರ ಏನು? ಟಿಸಿಪಿ ಮೊದಲು ಸ್ವಲ್ಪವೇ ಕಳಿಸಬೇಕು, ಉತ್ತರ ಬರುತ್ತಿದ್ದ ಹಾಗೆ ಜಾಸ್ತಿ ಮಾಡಬೇಕು, ಪ್ಯಾಕೆಟ್ ಕಳೆದರೆ ವೇಗ ಇಳಿಸಬೇಕು. ಬದಲಾವಣೆ ಪೂರ್ತಿ ಎರಡೂ ತುದಿಯ ಕಂಪ್ಯೂಟರ್‌ಗಳ ಟಿಸಿಪಿಯಲ್ಲಿ. ಐಪಿಯಲ್ಲಿ ಒಂದು ಬಿಟ್ಟೂ ಬದಲಾಗಲಿಲ್ಲ. ಕೇಬಲ್ ಹಾಗೇ, ಮೇಲೆ ಓಡುತ್ತಿದ್ದ ಇಮೇಲೂ ಹಾಗೇ. ನೆಟ್‌ವರ್ಕಿಂಗ್‌ನಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ ಇದು.

ಇಷ್ಟು ಸಲೀಸು ಎಲ್ಲ ಕಾಲಕ್ಕೂ ಉಳಿಯಲಿಲ್ಲ. ಒಂದೇ ಹೊರ ವಿಳಾಸವನ್ನು ಮನೆಯ ಎಲ್ಲ ಸಾಧನಗಳಿಗೂ ಹಂಚುವ ರೂಟರ್‌ನ ನ್ಯಾಟ್, ಬೇಡದ ಪ್ಯಾಕೆಟ್ ತಡೆಯುವ ಆಫೀಸಿನ ಫೈರ್‌ವಾಲ್ ಇವೆಲ್ಲ ಐಪಿ ದಾಟಿ ಟಿಸಿಪಿ ಹೆಡರ್ ಒಳಗೂ ಕೈ ಹಾಕುತ್ತವೆ. ಟಿಸಿಪಿಯಲ್ಲಿ ಏನಾದರೂ ಹೊಸದು ಕಂಡರೆ ದಾರಿ ಮಧ್ಯದ ಇಂಥ ಕೆಲವು ಪೆಟ್ಟಿಗೆಗಳು ಆ ಪ್ಯಾಕೆಟ್ಟನ್ನೇ ಬಿಸಾಡುತ್ತವೆ. ಹೀಗಾಗಿ ಟಿಸಿಪಿಯನ್ನು ಬದಲಿಸುವುದೇ ಕಷ್ಟವಾಯಿತು. ಅದಕ್ಕೇ ಗೂಗಲ್‌ನವರು ಶುರು ಮಾಡಿದ, 2021ರಲ್ಲಿ ಅಧಿಕೃತ ಮಾನದಂಡವಾದ ಕ್ವಿಕ್ ಎಂಬ ಹೊಸ ಪ್ರೋಟೋಕಾಲ್ ಕೂತಿರುವುದು ಯುಡಿಪಿ ಮೇಲೆ. ಟಿಸಿಪಿ ಮಾಡುವ ಕೆಲಸವನ್ನೆಲ್ಲ ತಾನೇ ಮಾಡಿಕೊಂಡು, ಹೆಚ್ಚುಕಡಿಮೆ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಬಿಡುತ್ತದೆ. ಮಧ್ಯದವರಿಗೆ ಇಣುಕಲು ಏನೂ ಉಳಿಯಬಾರದು ಅನ್ನುವುದೇ ಉದ್ದೇಶ. ಎಚ್‌ಟಿಟಿಪಿಯ ಹೊಸ ಆವೃತ್ತಿ ಎಚ್‌ಟಿಟಿಪಿ/3 ಓಡುವುದು ಇದರ ಮೇಲೆ.

[ಸ್ಕ್ರೀನ್: ಕಪ್ಪು ಟರ್ಮಿನಲ್]

ಸರಿ, ಮನೆಯಲ್ಲಿ ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ? ವೈಫೈ ಕನೆಕ್ಟ್ ಆಗಿದೆ, ಸೈಟ್ ಮಾತ್ರ ತೆರೆಯುತ್ತಿಲ್ಲ. ಸುಮ್ನೆ ರೂಟರ್ ಆಫ್ ಆನ್ ಮಾಡಬೇಡಿ, ಕೆಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಟರ್ಮಿನಲ್‌ನಲ್ಲಿ ರೂಟರ್ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ 'ಇದ್ದೀಯಾ' ಅಂತ ಕೇಳುವ ಸಣ್ಣ ಪ್ಯಾಕೆಟ್ ಕಳಿಸಿ, ತುಂಬಾ ಮನೆಗಳಲ್ಲಿ ಅದು 192.168.1.1 ಇರುತ್ತದೆ. ಅದು ಉತ್ತರ ಕೊಟ್ಟರೆ ವೈಫೈ ಚೆನ್ನಾಗಿದೆ. ಆಮೇಲೆ ಗೂಗಲ್‌ನ ಸರ್ವರ್ ವಿಳಾಸವಾದ 8.8.8.8ಗೆ ಪಿಂಗ್ ಮಾಡಿ. ಬಂತಾ? ಹಾಗಾದರೆ ಹೊರಗಿನ ಇಂಟರ್ನೆಟ್ಟೂ ಇದೆ. ಈಗ ಸೈಟಿನ ಹೆಸರು ಕೊಟ್ಟು ಪಿಂಗ್ ಮಾಡಿ. ಹೆಸರಿಗೆ ವಿಳಾಸವೇ ಸಿಗುತ್ತಿಲ್ಲ ಅಂದರೆ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟಿದೆ, ಸೆಟ್ಟಿಂಗ್ಸ್‌ನಲ್ಲಿ ಬೇರೆ ಡಿಎನ್‌ಎಸ್ ಹಾಕಿ ನೋಡಿ. ವಿಳಾಸ ಸಿಕ್ಕಿ ಉತ್ತರ ಮಾತ್ರ ಬರದಿದ್ದರೆ ಗಾಬರಿ ಬೇಡ, ಪಿಂಗ್‌ಗೆ ಉತ್ತರ ಕೊಡದ ಸರ್ವರ್‌ಗಳು ಬೇಕಾದಷ್ಟಿವೆ. ಇದೆಲ್ಲ ಸರಿಯಿದ್ದೂ ಬ್ರೌಸರ್ ಸರ್ಟಿಫಿಕೇಟ್ (ಸೈಟಿನ ಗುರುತಿನ ಪತ್ರ) ಎರರ್ ತೋರಿಸುತ್ತಿದ್ದರೆ ತೊಂದರೆ ಇನ್ನೂ ಮೇಲಿದೆ. ಆಗ ಮೊದಲು ಕಂಪ್ಯೂಟರ್‌ನ ತಾರೀಖು, ಟೈಮ್ ಸರಿ ಇದೆಯಾ ನೋಡಿ. ಗಡಿಯಾರ ವರ್ಷಗಟ್ಟಲೆ ಹಿಂದೆ ಬಿದ್ದಿದ್ದರೆ ಸರಿಯಾದ ಸರ್ಟಿಫಿಕೇಟ್ ಕೂಡ ಇನ್ನೂ ಜಾರಿಗೆ ಬಂದಿಲ್ಲ ಅಂತ ಬ್ರೌಸರ್ ತಿಳಿದುಕೊಳ್ಳುತ್ತದೆ.